ಕಣಜ ಕಡಿದದ್ದಕ್ಕೆ ಟೆಸ್ಟ್ ಬೇಕಾ?

ಕೇಳುಗರಿಗೆ ನಮಸ್ಕಾರ. ಅಡಿಕೆ ತೋಟಕ್ಕೆ ಇಳಿದವರಿಗೆ ಕಣಜ ಕಡಿಯುವುದು ನಮ್ಮ ಉಡುಪಿ ಕಡೆ ಹೊಸ ಸುದ್ದಿಯೇನಲ್ಲ. ಸುಣ್ಣ ಹಚ್ಚಿ ಕೆಲಸ ಮುಂದುವರಿಸುತ್ತಾರೆ. ಈಗೀಗ ಮಾತ್ರ ಕೆಲವರು ಕೇಳುವುದುಂಟು, "ಡಾಕ್ಟ್ರೇ, ಒಂದು ಅಲರ್ಜಿ ಟೆಸ್ಟ್ ಮಾಡಿಸುವಾ?"

ಕಡಿದ ಮೇಲೆ ಏನಾಯಿತು, ಅದು ಮೊದಲು ಗೊತ್ತಾಗಬೇಕು. ಕಡಿದ ಕೈ ಮೊಣಕೈವರೆಗೆ ಬಾತು ಎರಡು ದಿನ ನೋವಿದ್ದರೂ ಸಾಮಾನ್ಯವಾಗಿ ಟೆಸ್ಟ್ ಬೇಡ. ಕಡಿದದ್ದು ಕೈಗೆ, ದದ್ದು ಎದ್ದದ್ದು ಮೈಯೆಲ್ಲ, ಇಲ್ಲವೇ ಉಸಿರು ಕಟ್ಟಿತು, ತಲೆ ತಿರುಗಿ ಬಿದ್ದರು ಅಂತಾದರೆ ಟೆಸ್ಟ್ ಬೇಕು. ಹೆಜ್ಜೇನಿನ ಹಿಂಡು ನೂರಾರು ಕಡೆ ಚುಚ್ಚಿದ್ದರೆ ಅದು ಬೇರೆ ಲೆಕ್ಕ. ಅಷ್ಟು ವಿಷ ಮೈಗೆ ಹೋದರೆ ಅಲರ್ಜಿ ಇಲ್ಲದವರ ಕಿಡ್ನಿಯೂ ಕೆಡಬಹುದು.

ಚರ್ಮದ ಟೆಸ್ಟಿಗೆ ಜೇನಿನ, ಕಣಜದ ವಿಷವನ್ನು ತುಂಬ ತೆಳು ಮಾಡಿ ಮುಂಗೈಗೆ ಚುಚ್ಚುತ್ತಾರೆ. 15–20 ನಿಮಿಷ ಕಾಯುತ್ತಾರೆ. ದದ್ದು ಏಳದಿದ್ದರೆ ಹಂತಹಂತವಾಗಿ ಗಟ್ಟಿ ಮಾಡುತ್ತಾರೆ. ಅಲರ್ಜಿ ಜೋರಾದರೆ ತಕ್ಷಣ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಇರಬೇಕು, ಹಾಗಾಗಿ ಇದು ಆಸ್ಪತ್ರೆಯಲ್ಲೇ ಆಗುವ ಕೆಲಸ. ಕಡಿದ ಮರುದಿನವೇ ಓಡಬೇಡಿ. ಆಗ ಅಲರ್ಜಿ ಇದ್ದರೂ ಟೆಸ್ಟಿನಲ್ಲಿ ಕಾಣದೇ ಹೋಗಬಹುದು. 4ರಿಂದ 6 ವಾರ ಬಿಟ್ಟು ಮಾಡಿಸುವುದು ವಾಡಿಕೆ. ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆಯನ್ನೂ ಡಾಕ್ಟರನ್ನು ಕೇಳಿ ಕೆಲವು ದಿನ ಮೊದಲೇ ನಿಲ್ಲಿಸಬೇಕು.

ರಕ್ತದ ಟೆಸ್ಟಿಗೆ ಮಾತ್ರೆಯ ಅಡ್ಡಿಯಿಲ್ಲ. ಅದರಲ್ಲಿ ಆ ವಿಷದ ವಿರುದ್ಧದ ಐಜಿಇ, ಅಂದರೆ ಅಲರ್ಜಿಗೆ ಕಾರಣವಾಗುವ ಪ್ರತಿಕಾಯ, ಎಷ್ಟಿದೆ ನೋಡುತ್ತಾರೆ. ಇಲ್ಲೊಂದು ತಮಾಷೆ ಇದೆ. ಕಡಿದದ್ದು ಒಂದೇ ಹುಳ, ರಿಪೋರ್ಟ್ ಮಾತ್ರ ಜೇನು, ಕಣಜ ಎರಡಕ್ಕೂ ಪಾಸಿಟಿವ್! ಎರಡೂ ವಿಷಗಳ ಪ್ರೋಟೀನಿಗೆ ಅಂಟಿದ ಸಕ್ಕರೆಯ ಅಂಶ ಒಂದೇ ಥರ ಇರುವುದು ಇದಕ್ಕೆ ಒಂದು ಕಾರಣ. ಆಗ ಜೇನಿನದೇ ಆದ ಎಪಿ ಎಂ 1, ಕಣಜದ ವೆಸ್ ವಿ 5 ಎಂಬ ಪ್ರೋಟೀನುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುತ್ತಾರೆ. ಜೊತೆಗೆ ರಕ್ತದಲ್ಲಿ ಟ್ರಿಪ್ಟೇಸ್ ಕೂಡ ನೋಡುವುದುಂಟು, ಅದು ಅಲರ್ಜಿಯಲ್ಲಿ ಪಾಲಿರುವ ಕಣಗಳಿಂದ ಹೊರಬರುವ ಒಂದು ಪ್ರೋಟೀನ್. ಅದು ಯಾವಾಗಲೂ ಜಾಸ್ತಿ ಇರುವವರಿಗೆ ಹುಳ ಕಡಿದರೆ ಅಪಾಯವೂ ಜಾಸ್ತಿ.

ಸುಮ್ನೆ ಕುತೂಹಲಕ್ಕೆ ಟೆಸ್ಟ್ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಎಷ್ಟೋ ಜೇನು ಸಾಕುವವರ ರಕ್ತದಲ್ಲಿ ಐಜಿಇ ಇರುತ್ತದೆ, ಕಡಿದರೆ ಏನೂ ಆಗುವುದಿಲ್ಲ. ರಿಪೋರ್ಟಿನ ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಮುಂದಿನ ಸಲ ಜೋರಾಗುತ್ತದೆ ಅಂತಲೂ ಇಲ್ಲ.

ನಿಜವಾಗಿ ಅಲರ್ಜಿ ಇದ್ದವರಿಗೆ ಅದೇ ವಿಷವನ್ನು ಚೂರುಚೂರೇ ಕೊಟ್ಟು ಮೈಗೆ ಒಗ್ಗಿಸುವ ಚಿಕಿತ್ಸೆ ಇದೆ, 3ರಿಂದ 5 ವರ್ಷದ್ದು. ಯಾವ ಹುಳದ ವಿಷ ಕೊಡಬೇಕೆಂದು ತಿಳಿಯಬೇಕು, ಅಲ್ವಾ? ಹಾಗಾಗಿ ಕಡಿದ ಹುಳವನ್ನು ಕಂಡಿದ್ದರೆ, ಮುಳ್ಳು ಚರ್ಮದಲ್ಲೇ ಉಳಿದಿದ್ದರೆ ಡಾಕ್ಟರಿಗೆ ಹೇಳಿ. ಮುಳ್ಳು ಬಿಟ್ಟು ಹೋಗುವುದು ಹೆಚ್ಚಾಗಿ ಜೇನು. ನಮಸ್ಕಾರ.