ಎಂಟು ಗಂಟೆ ಯಾರ ಕೈಯಲ್ಲೂ ಇರುವುದಿಲ್ಲ

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ: ಐಟಿ ಕೆಲಸಕ್ಕೆ ನಿಜವಾದ ತಾರೀಖು ಹಾಕುವುದು ಹೇಗೆ.

ಐಟಿ ವಿಭಾಗದ ಕೆಲಸ ಎರಡು ಥರ. ಒಂದು, ಮೊದಲೇ ಗೊತ್ತಿರುವ ಪ್ರಾಜೆಕ್ಟ್. ಹಳೇ ಸರ್ವರ್ ಬದಲಿಸುವುದು, ಹೊಸ ಸಾಫ್ಟ್‌ವೇರ್ ಹಾಕುವುದು, ಇಂಥವು. ಇನ್ನೊಂದು, ಹೇಳದೆ ಕೇಳದೆ ಬರುವುದು. ಪಾಸ್‌ವರ್ಡ್ ಮರೆತುಹೋಯ್ತು, ನೆಟ್ ಬರ್ತಿಲ್ಲ, ಪ್ರಿಂಟರ್ ನಿಂತುಹೋಯ್ತು. ಎರಡನ್ನೂ ಮಾಡುವವರು ಅದೇ ನಾಲ್ಕೈದು ಜನ, ಅಲ್ವಾ?

ನನ್ನ ತಂಡದ ಒಬ್ಬ ಹುಡುಗನಿಗೆ ಡೇಟಾಬೇಸನ್ನು ಹೊಸ ಸರ್ವರ್‌ಗೆ ಸಾಗಿಸುವ ಕೆಲಸ ಕೊಟ್ಟಿದ್ದೆ. ಕೆಲಸದ ಪ್ಲಾನ್ ಹಾಕುವ ಸಾಫ್ಟ್‌ವೇರ್ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ 40 ಗಂಟೆ ಅಂತ ಹಾಕಿದೆ. ದಿನಕ್ಕೆ 8 ಗಂಟೆ ಲೆಕ್ಕ ಹಿಡಿದು ಅದು 5 ದಿನ ತೋರಿಸಿತು. ಮಂಗಳವಾರ ಬೆಳಿಗ್ಗೆ ಅವನು ಸ್ಕ್ರಿಪ್ಟ್ ತೆರೆದು ಕೂತ. ಹತ್ತೂವರೆಗೆ ಅಕೌಂಟ್ಸ್‌ನಿಂದ ಫೋನು, ಸಂಬಳದ ಸ್ಲಿಪ್ ಪ್ರಿಂಟ್ ಆಗ್ತಿಲ್ಲ ಅಂತ. ಹೋಗಿ ಸರಿಮಾಡಿ ಬಂದ. ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕುತ್ತಿರುವಾಗಲೇ ಮೇಲಿನ ಮಹಡಿಯಿಂದ ಇನ್ನೊಂದು ಕರೆ. ಡೇಟಾಬೇಸಿನ ಕೆಲಸ ಮುಗಿದದ್ದು ಮೂರನೇ ವಾರ. ಎಲ್ಲರೂ ಅವನನ್ನೇ ಬೈದರು. ತಪ್ಪು ನನ್ನ ಪ್ಲಾನಿನದ್ದು. ಇವತ್ತಿಗೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಆಮೇಲೆ ನಾಲ್ಕು ವಾರ, ಯಾರಿಗೆ ಎಷ್ಟು ಹೊತ್ತು ಹೀಗೆ ಹೋಗುತ್ತದೆ ಅಂತ ಬರೆದಿಟ್ಟೆವು. ಅವನದು ಹತ್ತಿರ ಹತ್ತಿರ ಅರ್ಧ ದಿನ! ಸಾಫ್ಟ್‌ವೇರ್‌ನಲ್ಲಿ ಅಂಥದೇ ಮುಂದಿನ ಕೆಲಸಕ್ಕೆ ಅವನನ್ನು 100ರ ಬದಲು 50 ಪರ್ಸೆಂಟ್ ಅಂತ ಹಾಕಿದೆ. ಅಷ್ಟೇ 40 ಗಂಟೆಯ ಕೆಲಸಕ್ಕೆ ಅದು 10 ದಿನ ತೋರಿಸಿತು. ನಿಜವಾದ ತಾರೀಖು ಅದು.

ಒಂದು ತಪ್ಪನ್ನು ಮಾತ್ರ ಮಾಡಬೇಡಿ. ಹೀಗೆ ಹೇಳದೆ ಬರುವ ಪ್ರತಿ ದೂರನ್ನೂ, ಅಂದರೆ ಟಿಕೆಟ್ಟನ್ನೂ, ಗ್ಯಾಂಟ್ ಚಾರ್ಟಿಗೆ, ಅಂದರೆ ಯಾವ ಕೆಲಸ ಯಾವತ್ತಿನಿಂದ ಯಾವತ್ತಿನವರೆಗೆ ಅಂತ ಪಟ್ಟಿಗಳಲ್ಲಿ ತೋರಿಸುವ ಚಾರ್ಟಿಗೆ, ತುರುಕಬೇಡಿ. ನಾವು ಮಾಡಿ ನೋಡಿದ್ದೇವೆ, ಎರಡೇ ವಾರದಲ್ಲಿ ಚಾರ್ಟ್ ಯಾರಿಗೂ ಅರ್ಥವಾಗದ ಹಾಗಾಯಿತು. ಪ್ಲಾನಿನಲ್ಲಿ ಟಿಕೆಟ್‌ಗಳಿಗೆ ಜಾಗ ಬಿಟ್ಟರೆ ಸಾಕು. ಅವುಗಳ ಸರದಿ ಬೇರೆ ಬೋರ್ಡಿನಲ್ಲಿರಲಿ. ವಾರಕ್ಕೊಬ್ಬರು ಫೋನ್ ಎತ್ತಲಿ, ಉಳಿದವರು ಪ್ರಾಜೆಕ್ಟ್ ಬಿಟ್ಟು ಏಳಬೇಕಾಗಿಲ್ಲ.

ನಮ್ಮ ಪಕ್ಕದ ಹೈದರಾಬಾದಿನ ಕಥೆ ಇದಕ್ಕೆ ತುಂಬಾ ಹತ್ತಿರ. 2004ರಲ್ಲಿ ಮೈಕ್ರೋಸಾಫ್ಟ್‌ನ ಒಳಬಳಕೆಯ ಸಾಫ್ಟ್‌ವೇರ್‌ಗಳನ್ನು ಸರಿಪಡಿಸುವ ಒಂದು ಸಣ್ಣ ತಂಡ ಅಲ್ಲಿತ್ತು. ಒಂದು ಬೇಡಿಕೆ ಮುಗಿಯಲು ಸುಮಾರು 5 ತಿಂಗಳು ಹಿಡಿಯುತ್ತಿತ್ತು. ಜನ ಸೋಮಾರಿಗಳಾಗಿರಲಿಲ್ಲ. ಹೊಸ ಬೇಡಿಕೆ ಬಂದಾಗೆಲ್ಲ ಕೈಲಿದ್ದ ಕೆಲಸ ಬಿಟ್ಟು, ಅದಕ್ಕೆಷ್ಟು ಸಮಯ ಬೇಕು ಅಂತ ಅಂದಾಜು ಕೊಡಬೇಕಿತ್ತು. ತಂಡದ ಸುಮಾರು ಮೂರನೇ ಒಂದು ಪಾಲು ಶಕ್ತಿ ಬರೀ ಅಂದಾಜಿಗೇ ಹೋಗುತ್ತಿತ್ತು. ಆಗ ಮೈಕ್ರೋಸಾಫ್ಟ್‌ನಲ್ಲಿದ್ದ ಡೇವಿಡ್ ಆಂಡರ್ಸನ್ ಅವರ ಸಲಹೆಯಂತೆ ಆ ಅಂದಾಜನ್ನು ಕೈಬಿಟ್ಟರು. ಒಂದೇ ಸಲಕ್ಕೆ ಇಷ್ಟೇ ಕೆಲಸ ಅಂತ ಮಿತಿ ಹಾಕಿದರು. ಮುಂದಿನ ವರ್ಷದ ಹೊತ್ತಿಗೆ ಒಂದು ಬೇಡಿಕೆಗೆ ಹಿಡಿಯುವ ಸಮಯ ಎರಡು ವಾರದ ಆಸುಪಾಸಿಗೆ ಇಳಿಯಿತು. ಒಂದೇ ಸಲಕ್ಕೆ ಕೈಲಿರುವ ಕೆಲಸಕ್ಕೆ ಮಿತಿ ಹಾಕುವ ಈ ಪದ್ಧತಿಗೆ ಕಾನ್‌ಬಾನ್ ಅಂತಾರೆ. ಸಾಫ್ಟ್‌ವೇರ್ ಕೆಲಸಕ್ಕೆ ಅದು ಬಂದದ್ದು ಹೀಗೆ.

ನಾನು 10 ದಿನದ ಹೊಸ ಪ್ಲಾನ್ ತೋರಿಸಿದಾಗ ನಮ್ಮ ಮೇಲಧಿಕಾರಿ ಮೊದಲು ರೇಗಿದರು. ಇಷ್ಟೊಂದು ಜಾಸ್ತಿ ಯಾಕೆ ಅಂತ. ನಾಲ್ಕು ವಾರ ಬರೆದಿಟ್ಟ ಹಾಳೆಗಳನ್ನು ಮುಂದಿಟ್ಟೆ. ಒಂದೊಂದನ್ನೇ ಓದಿದರು. ಆಮೇಲೆ ಪೆನ್ನು ತೆಗೆದುಕೊಂಡು ಕೇಳಿದರು, "ಇದರಲ್ಲಿ ಯಾವುದನ್ನೆಲ್ಲ ಸೋಮವಾರದವರೆಗೆ ತಡೆದು ನಿಲ್ಲಿಸಬಹುದು, ಹೇಳಿ."