ತೂಕದ ಮೆಷಿನ್ ಅಟ್ಟದ ಮೇಲಿರಲಿ

ನಮಸ್ಕಾರ ಕೇಳುಗರೇ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಲ್ಲಿ ಈಗ ರೇಡಿಯೊ ಹಾಕಿಕೊಂಡು ಕೂತವರಲ್ಲಿ ತೂಕ ಇಳಿಸುವ ಆಪರೇಶನ್ ಮಾಡಿಸಿಕೊಂಡವರು ಒಬ್ಬರಾದರೂ ಇರಬಹುದು. ಇಲ್ಲದಿದ್ದರೆ ನಿಮ್ಮ ಅಕ್ಕನೋ, ಭಾವನೋ, ಪಕ್ಕದ ಮನೆಯವರೋ ಮಾಡಿಸಿಕೊಂಡಿರಬಹುದು. ನಾನು ಆಹಾರ ತಜ್ಞೆ. ಈ ಆಪರೇಶನ್ ಆದವರ ಊಟ ತಿಂಡಿ ನೋಡಿಕೊಳ್ಳುವುದೇ ನನ್ನ ಕೆಲಸ. ಇವತ್ತು ನಿಮ್ಮ ಹತ್ತಿರ ಒಂದೇ ಮಾತು ಹೇಳಲಿಕ್ಕೆ ಬಂದಿದ್ದೇನೆ. ತೂಕ ನೋಡುವುದು ವಾರಕ್ಕೆ ಒಂದು ಸಲ. ಒಂದೇ ಸಲ.

ಇಷ್ಟು ಸಣ್ಣ ವಿಷಯಕ್ಕೆ ರೇಡಿಯೊ ಯಾಕೆ ಅಂತ ಕೇಳಬಹುದು. ನನ್ನ ಹತ್ತಿರ ಅಳುತ್ತಾ ಬರುವವರಲ್ಲಿ ಹೆಚ್ಚಿನವರಿಗೆ ಆಪರೇಶನ್ ಏನೂ ಕೆಟ್ಟಿರುವುದಿಲ್ಲ. ಅವರು ಬೆಳಿಗ್ಗೆ ಒಮ್ಮೆ, ಸ್ನಾನ ಆಗಿ ಒಮ್ಮೆ, ರಾತ್ರಿ ಮಲಗುವಾಗ ಒಮ್ಮೆ ಮೆಷಿನ್ ಹತ್ತಿ ಇಳಿದು ಮನಸ್ಸು ಕೆಡಿಸಿಕೊಂಡಿರುತ್ತಾರೆ, ಅಷ್ಟೇ.

ಒಳಗೆ ಏನಾಗಿದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಸ್ಲೀವ್ ಆಪರೇಶನ್ ಆದರೆ ಜಠರದ ಮುಕ್ಕಾಲು ಪಾಲು, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿಯೇ, ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ತೆಗೆದ ಭಾಗದಲ್ಲೇ, ಹಾಗಾಗಿ ಹಸಿವೂ ತಗ್ಗುತ್ತದೆ. ಇದೇ ಆಪರೇಶನ್ನಿನ ಇನ್ನೊಂದು ಬಗೆ ಬೈಪಾಸ್. ಅದರಲ್ಲಿ ಜಠರದ ಮೇಲುಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ, ಅಂದರೆ ಎರಡು ದೊಡ್ಡ ಚಮಚದಷ್ಟು ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ಸಣ್ಣ ಕರುಳಿನ ಕೆಳಗಿನ ಭಾಗಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ಮೊದಲ ಕೆಲವು ವಾರ ತೂಕ ದಡದಡ ಇಳಿಯುತ್ತದೆ. ಮನೆಯವರಿಗೆಲ್ಲ ಖುಷಿ. ಮೂರನೇ ವಾರವೋ ನಾಲ್ಕನೇ ವಾರವೋ ಒಂದು ದಿನ ತೂಕ ನಿಲ್ಲುತ್ತದೆ. ಅಲ್ಲಿಂದ ಅಳು ಶುರು.

ನೋಡಿ, ನಮ್ಮ ಲಿವರಿನಲ್ಲಿ, ಮಾಂಸಖಂಡಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ, ಹೆಚ್ಚುಕಡಿಮೆ ಅರ್ಧ ಕಿಲೋ. ಅದರ ಒಂದೊಂದು ಗ್ರಾಮೂ ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದ ಕೂಡಲೇ ಶರೀರ ಮೊದಲು ಖರ್ಚು ಮಾಡುವುದು ಅದನ್ನೇ. ದಾಸ್ತಾನೂ ಹೋಯಿತು, ನೀರೂ ಹೋಯಿತು, ಎರಡು ಕಿಲೋ ಅಲ್ಲೇ ಇಳಿಯಿತು. ಆಮೇಲೆ ಶರೀರ ಸ್ವಲ್ಪ ನೀರು ವಾಪಸ್ ತುಂಬಿಕೊಳ್ಳುತ್ತದೆ. ಆ ಹೊತ್ತಿಗೆ ಕೊಬ್ಬು ಕರಗುತ್ತಲೇ ಇರುತ್ತದೆ, ಮೆಷಿನ್ನಿಗೆ ಅದು ಕಾಣುವುದಿಲ್ಲ. ಕೊಬ್ಬು ಯಾವುದು ನೀರು ಯಾವುದು ಅಂತ ಮೆಷಿನ್ನಿಗೆ ಗೊತ್ತಿಲ್ಲ. ಒಂದು ಲೋಟ ನೀರು ಕುಡಿದರೆ ಅದು 200 ಗ್ರಾಂ ಜಾಸ್ತಿ ತೋರಿಸುತ್ತದೆ. ಉಪ್ಪಿನಕಾಯಿ ತಿಂದ ಮರುದಿನ ಜಾಸ್ತಿ, ಹೊಟ್ಟೆ ಸರಿಯಾಗಿ ಹೋಗದ ದಿನ ಜಾಸ್ತಿ, ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಜಾಸ್ತಿ. ಇದನ್ನೆಲ್ಲ ದಿನಕ್ಕೆ ಮೂರು ಸಲ ನೋಡಿ ಎಂತ ಮಾಡುವುದು? ಅದಕ್ಕೇ ವಾರಕ್ಕೆ ಒಂದು ಸಲ.

ಪೆರ್ಲ ಕಡೆಯ ಒಬ್ಬ ಅಡಿಕೆ ಕೃಷಿಕರ ಸಂಗತಿ ಹೇಳುತ್ತೇನೆ. ಎಲ್ಲ ಕಡೆ ಹೇಳುತ್ತೇನೆ ನಾನು ಇದನ್ನು. ಸ್ಲೀವ್ ಆಗಿ ಐದನೇ ತಿಂಗಳು. 128 ಕಿಲೋ ಇದ್ದವರು 108ಕ್ಕೆ ಬಂದಿದ್ದರು. ಅವತ್ತು ಬರುವಾಗ ಕೈಯಲ್ಲಿ ಸುರುಳಿ ಸುತ್ತಿದ ಒಂದು ಗೋಡೆ ಕ್ಯಾಲೆಂಡರ್. ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ಹಾಲಿನ ಲೆಕ್ಕದ ಕೆಳಗೆ, ಕೆಂಪು ಪೆನ್ನಿನಲ್ಲಿ ದಿನಕ್ಕೆ ಎರಡೆರಡು ತೂಕ. 108.4. 108.6. 108.4. 108.5. ಹೀಗೆ ಮೂರು ವಾರ. "ಮೇಡಂ, ಇಷ್ಟು ಹಣ ಸುರಿದದ್ದು ಇದಕ್ಕಾ?" ಅಂತ ಕೇಳಿದರು. ಹಿಂದೆ ನಿಂತಿದ್ದ ಅವರ ಹೆಂಡತಿ ಮೆಲ್ಲಗೆ ಹೇಳಿದರು, "ರಾತ್ರಿ ಊಟ ಬಿಟ್ಟಿದ್ದಾರೆ. ಮೊಟ್ಟೆಯೂ ಬೇಡ ಅಂತಾರೆ. ಮೊನ್ನೆ ತೋಟದಲ್ಲಿ ತಲೆ ತಿರುಗಿ ಕೂತುಬಿಟ್ಟಿದ್ದರು."

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಆ ಮೆಷಿನ್ನಿನ ಮೇಲೆ. ನಾನು ಕೇಳಿದೆ, "ಅಣ್ಣಾ, ಹಣ್ಣಡಿಕೆ ಅಂಗಳಕ್ಕೆ ಹಾಕಿದರೆ ಎಷ್ಟು ದಿನ ಬೇಕು ಒಣಗಲಿಕ್ಕೆ?"

"40 ಬಿಸಿಲಾದರೂ ಬೇಕು."

"ಮೊದಲ ವಾರ ಹೇಗಿರುತ್ತದೆ?"

"ನೀರೆಲ್ಲ ಆರ್ತದೆ. ಬುಟ್ಟಿ ಎತ್ತುವಾಗಲೇ ಹಗುರ ಆದದ್ದು ಗೊತ್ತಾಗ್ತದೆ."

"ಮತ್ತೆ?"

"ಮತ್ತೆ ನಿಧಾನ. ನಡುವೆ ಮೋಡ ಬಂದರೆ ಎರಡು ಮೂರು ದಿನ ಹಾಗೇ ಇರ್ತದೆ."

"ಆಗ ದಿನಾ ಬೆಳಿಗ್ಗೆ ರಾತ್ರಿ ತೂಕ ಮಾಡಿ ನೋಡುತ್ತೀರಾ?"

ಅವರು ನನ್ನನ್ನೇ ನೋಡಿದರು. "ಅಡಿಕೆಯನ್ನು ಯಾರು ದಿನಾ ತೂಕ ಮಾಡ್ತಾರೆ ಮೇಡಂ? ಒಂದು ಕೈಗೆ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿ ನೋಡುವುದು. ಒಳಗೆ ಕಡಕಡ ಅಂದರೆ ಒಣಗಿದೆ ಅಂತ ಲೆಕ್ಕ." ಹೇಳಿ ಸುಮ್ಮನಾದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾನು ಅವರ ಸೊಂಟದ ಬೆಲ್ಟ್ ನೋಡಿದೆ. ನಮ್ಮ ಕಡೆಯವರು ಮುಂಡಿನ ಮೇಲೆ ಕಟ್ಟುವ ಹಸಿರು ಅಗಲ ಬೆಲ್ಟ್ ಉಂಟಲ್ಲ, ಅದು. ಕಂಪನಿ ಹಾಕಿದ ತೂತುಗಳೆಲ್ಲ ಮುಗಿದು, ಮೊಳೆ ಬಡಿದು ಮಾಡಿದ ಹೊಸ ತೂತುಗಳು ಮೂರು ಇದ್ದವು. ಕೊನೆಯದರ ಅಂಚು ಇನ್ನೂ ಹೊಸದು, ನೂಲು ಎದ್ದು ಕಾಣುತ್ತಿತ್ತು. "ಇದನ್ನು ಯಾವಾಗ ಮಾಡಿದ್ದು?" ಅಂದೆ. ಹೆಂಡತಿಯೇ ಹೇಳಿದರು, "ಮೊನ್ನೆ ಆದಿತ್ಯವಾರ."

ಮೊನ್ನೆ ಆದಿತ್ಯವಾರ! ಕ್ಯಾಲೆಂಡರಿನಲ್ಲಿ 108.4 ಅಂತ ಕೆಂಪಿನಲ್ಲಿ ಬರೆದ ದಿನವೇ ಸೊಂಟ ಒಂದು ತೂತು ಒಳಗೆ ಹೋಗಿದೆ. ಆ ಮನುಷ್ಯ ಕ್ಯಾಲೆಂಡರ್ ನೋಡಿ ಊಟ ಬಿಟ್ಟರು, ಬೆಲ್ಟ್ ನೋಡಲೇ ಇಲ್ಲ. ಮೆಷಿನ್ ಅಟ್ಟಕ್ಕೆ ಹಾಕಿ, ಆದಿತ್ಯವಾರ ಬೆಳಿಗ್ಗೆ ಮಾತ್ರ ಇಳಿಸಿ ಅಂತ ಹೇಳಿ ಕಳಿಸಿದೆ. ರಾತ್ರಿ ಊಟ, ಮೊಟ್ಟೆ ಎರಡನ್ನೂ ಅವತ್ತೇ ಶುರು ಮಾಡಿಸಿದೆ. ಮುಂದಿನ ತಿಂಗಳು ಬರುವಾಗ 105 ಇತ್ತು. ಆದರೆ ಅವರು ಮೊದಲು ತೋರಿಸಿದ್ದು ಬೆಲ್ಟ್.

ಈ ಸಂಗತಿಯಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಐದಾರು ತಿಂಗಳ ಮೇಲೆ ತೂಕ ಇಳಿಯುವುದು ನಿಧಾನವಾಗಲೇಬೇಕು. 25 ಕಿಲೋ ಅಕ್ಕಿ ಚೀಲ ಹೊತ್ತು ಗುಡ್ಡ ಹತ್ತುವವನಿಗೂ ಕೈ ಬೀಸಿಕೊಂಡು ಹತ್ತುವವನಿಗೂ ಒಂದೇ ದಣಿವಾ? ನೀವು ಆ ಚೀಲ ಕೆಳಗಿಟ್ಟಿದ್ದೀರಿ. ಹಗುರಾದ ಶರೀರಕ್ಕೆ ಖರ್ಚೂ ಕಡಿಮೆ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದವರೆಗೆ ತೂಕ ಇಳಿಯುತ್ತಾ ಹೋಗುತ್ತದೆ. ಮೂರು ವಾರ ನಿಂತದ್ದಕ್ಕೆ ಹೆದರಬೇಡಿ.

ಹೆದರಿ ಊಟ ಬಿಡುವುದಂತೂ ಬೇಡವೇ ಬೇಡ. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೋಟೀನ್ ಹೊಟ್ಟೆಗೆ ಬೀಳಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಮಾತ್ರ ಇರುವುದು, ಲೆಕ್ಕ ಹಾಕಿ. ತಟ್ಟೆಯಲ್ಲಿ ಮೊದಲು ಬಂಗುಡೆಯೋ, ಮೊಟ್ಟೆಯೋ, ಹೆಸರುಕಾಳೋ, ಪನೀರೋ ತಿನ್ನಿ. ಕುಚ್ಚಿಲಕ್ಕಿ ಅನ್ನ ಆಮೇಲೆ. ಅನ್ನವನ್ನು ಮೊದಲು ತಿಂದರೆ ಆ ಪುಟ್ಟ ಹೊಟ್ಟೆಯಲ್ಲಿ ಬೇರೆಯದಕ್ಕೆ ಜಾಗವೇ ಇರುವುದಿಲ್ಲ. ಪ್ರೋಟೀನ್ ಸಿಗದಿದ್ದರೆ ಶರೀರ ಮಾಂಸಖಂಡವನ್ನೇ ತಿನ್ನುತ್ತದೆ. ನೀರನ್ನು ಊಟದ ಜೊತೆ ಕುಡಿಯಬೇಡಿ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ಮೂರು ನಾಲ್ಕನೇ ತಿಂಗಳಲ್ಲಿ ಕೂದಲು ಉದುರಬಹುದು, ಅದು ಮತ್ತೆ ಬರುತ್ತದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆಗಳು ಜೀವನಪರ್ಯಂತ, ಆರಾಮವಾಗಿದ್ದೇನೆ ಅಂತ ನಿಲ್ಲಿಸಬಾರದು. ವಾಂತಿ ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಶುಗರಿನ ಮಾತ್ರೆಯ ಲೆಕ್ಕವೂ ಅವರದ್ದೇ.

ಮನೆಯವರಿಗೂ ಒಂದು ಮಾತು. ಮದುವೆ ಊಟದಲ್ಲಿ, ಪೂಜೆಯ ಊಟದಲ್ಲಿ ಕೂತಾಗ "ಒಂದು ಹೋಳಿಗೆ ತಿಂದರೆ ಎಂತ ಆಗ್ತದೆ" ಅಂತ ಬಡಿಸುವವರೂ ನೀವೇ, ಕೈ ತೊಳೆದು ಬರುವಾಗ "ಇಷ್ಟು ಖರ್ಚು ಮಾಡಿ ಇಷ್ಟೇ ಇಳಿದದ್ದಾ" ಅಂತ ಕೇಳುವವರೂ ನೀವೇ. ದಯವಿಟ್ಟು ಎರಡನ್ನೂ ನಿಲ್ಲಿಸಿ. ಬೈಪಾಸ್ ಆದವರು ಸಿಹಿ ತಿಂದರೆ ಎದೆ ಡವಡವ, ಬೆವರು, ಹೊಟ್ಟೆನೋವು, ಭೇದಿ ಎಲ್ಲ ಆಗಬಹುದು. ಅವರ ತೂಕ ಕೇಳಬೇಡಿ. ಗುಡ್ಡ ಹತ್ತುವಾಗ ಈಗ ಉಬ್ಬಸ ಬರುತ್ತದಾ, ನೆಲದ ಮೇಲೆ ಕೂತು ಏಳಲಿಕ್ಕೆ ಆಗುತ್ತದಾ, ಅದನ್ನು ಕೇಳಿ. ಹಳೆಯ ಅಂಗಿ ದೊಡ್ಡದಾದರೆ ಟೈಲರ ಹತ್ತಿರ ಹೋಗಿ ಹಿಡಿಸಿಕೊಂಡು ಬರಲಿಕ್ಕೆ ಜೊತೆಗೆ ಹೋಗಿ.

ಒಂದು ಅಳತೆ ಟೇಪ್ ತಂದಿಡಿ. ಬರುವ ಆದಿತ್ಯವಾರ ಬೆಳಿಗ್ಗೆ ಎದ್ದು, ಬಾತ್‌ರೂಮಿಗೆ ಹೋಗಿ ಬಂದು, ಏನೂ ತಿನ್ನುವ ಮುಂಚೆ ಮೆಷಿನ್ ಇಳಿಸಿ ಒಮ್ಮೆ ತೂಕ ನೋಡಿ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಅಳತೆಯನ್ನೂ ತೆಗೆದು, ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿಡಿ. ಆಮೇಲೆ ಮೆಷಿನ್ ಮತ್ತೆ ಅಟ್ಟಕ್ಕೆ. ಸೋಮವಾರ ಏಣಿ ಮುಟ್ಟಬೇಡಿ.

ನಮಸ್ಕಾರ.