ಎಲೆ ಮೇಲಕ್ಕೆ ಮುದುಡಿದೆಯೋ, ಕೆಳಕ್ಕೋ?

ಕೇಳುಗರೇ, ನಮಸ್ಕಾರ.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಹೊತ್ತು ಯಾರನ್ನಾದರೂ ವಿಳಾಸ ಕೇಳಿ ನೋಡಿ. ಗೊತ್ತಿದ್ದವರೂ ಹೇಳುತ್ತಾರೆ, ಗೊತ್ತಿಲ್ಲದವರೂ ಹೇಳುತ್ತಾರೆ. 'ಇಲ್ಲೇ ಐತ್ರೀ, ಸೀದಾ ಹೋಗ್ರಿ.' ಕೇಳಿದವರನ್ನು ಸುಮ್ನೆ ಕಳಿಸಬಾರದು ಅನ್ನೋ ದಾಕ್ಷಿಣ್ಯ ನಮ್ಮ ಕಡೆ ಜಾಸ್ತಿ, ಅಲ್ವಾ? ಹೊಲಿಗೆ ಮಷಿನ್ ರಿಪೇರಿ ಅಂಗಡಿ ಹುಡುಕುತ್ತ ಅಲ್ಲಿ ಒಮ್ಮೆ ಮೂರು ಸುತ್ತು ಹೊಡೆದೆ. ಕೊನೆಗೆ ಹೂವು ಮಾರುವ ಅಜ್ಜಿಯೊಬ್ಬರು, 'ನನಗ ಗೊತ್ತಿಲ್ಲ ತಮ್ಮಾ, ಆ ಟೇಲರ್‌ನ ಕೇಳು' ಎಂದರು. ಅವತ್ತು ಕೆಲಸಕ್ಕೆ ಬಂದದ್ದು ಆ ಮಾತೊಂದೇ.

ದಾರಿ ತಪ್ಪಿದರೆ ಕಾಲು ನೋಯುತ್ತದೆ, ಅಷ್ಟೇ. ಬೆಳೆ ವಿಷಯ ಹಾಗಲ್ಲ.

ನಮ್ಮ ಕಾಕಾ ಬ್ಯಾಡಗಿ ತಾಲ್ಲೂಕಿನವರು. ಎರಡು ಎಕರೆಯಲ್ಲಿ ಮೆಣಸಿನಕಾಯಿ. ಒಂದು ವರ್ಷ ಸುಳಿ ಎಲೆಗಳು ಮುದುಡತೊಡಗಿದವು. ಔಷಧಿ ಅಂಗಡಿಗೆ ಹೋದರು. ಅಂಗಡಿಯವನು ಏನೂ ಕೇಳಲಿಲ್ಲ, ಎರಡು ಬಾಟ್ಲಿ ಮುಂದಿಟ್ಟ. 'ಎಲ್ಲಾರೂ ಇದನ್ನ ಒಯ್ಯಾಕತ್ತಾರ ನೋಡ್ರಿ.' ಹೊಡೆದರು. ಹತ್ತು ದಿನದಲ್ಲಿ ಮುದುಡುವುದು ಇನ್ನೂ ಜಾಸ್ತಿಯಾಯಿತು. ಪಕ್ಕದ ಹೊಲದವರು ಇನ್ನೊಂದು ಔಷಧಿ ಹೇಳಿದರು. ಅಳಿಯ ವಾಟ್ಸಾಪಿನಲ್ಲಿ ಮತ್ತೊಂದು ಕಳಿಸಿದ. ರೊಟ್ಟಿ ಬಡಿಯುತ್ತಿದ್ದ ಕಾಕು ಅಲ್ಲಿಂದಲೇ ಕೇಳಿದರು: 'ಇವರೊಳಗ ನಮ್ಮ ಗಿಡಾ ನೋಡಿದವರು ಯಾರು?'

ಯಾರೂ ನೋಡಿರಲಿಲ್ಲ.

ಮರುದಿನ ನಾಲ್ಕು ಟೊಂಗೆ ಮುರಿದು ಚೀಲಕ್ಕೆ ಹಾಕಿಕೊಂಡು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆವು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೇಂದ್ರ ಅದು. ಅಲ್ಲಿದ್ದವರು ನಮ್ಮನ್ನೇ ಕೇಳತೊಡಗಿದರು. ನಾಟಿ ಯಾವಾಗ? ಏನು ಹೊಡೆದಿರಿ? ಎಷ್ಟು ಸಲ? ಆಮೇಲೆ ಎಲೆ ತಿರುವಿ, ಭೂತಗನ್ನಡಿ ಹಿಡಿದು ತೋರಿಸಿದರು. ಅಂಚು ಮೇಲಕ್ಕೆ ಮುದುಡಿ ದೋಣಿಯಂತಾಗಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮುದುಡಿ ದೋಣಿ ಬೋರಲು ಹಾಕಿದಂತಿದ್ದರೆ ಮೈಟ್ ನುಸಿ. ನಮ್ಮ ಎಲೆ ಕೆಳಕ್ಕೆ ಮುದುಡಿತ್ತು. ಹೊಡೆದದ್ದು ಥ್ರಿಪ್ಸ್ ಔಷಧಿ! ಕೆಲವು ಕೀಟನಾಶಕ ಮೈಟನ್ನು ಕೊಲ್ಲುವುದಿಲ್ಲ, ಅದನ್ನು ತಿನ್ನುವ ಹುಳುಗಳನ್ನು ಕೊಲ್ಲುತ್ತವೆ. ಮೈಟ್‌ಗೆ ಹಬ್ಬವೋ ಹಬ್ಬ.

ಅಂಗಡಿಯವನು ಕೆಟ್ಟವನೇನಲ್ಲ. ಬಾಟ್ಲಿ ಖರ್ಚಾದರೇನೇ ಅವನ ಮನೆ ನಡೆಯುವುದು. ಹಾಗಾಗಿ ಸಲಹೆ ಯಾರದು ಅಂತ ನಾವೇ ನೋಡಬೇಕು. ಬೀಜದ ಚೀಲಕ್ಕೆ ಹೊಲಿದಿರುವ ಚೀಟಿ ನೋಡಿದ್ದೀರಲ್ಲ? ನೀಲಿ ಚೀಟಿ ಇದ್ದರೆ ಬೀಜ ಪ್ರಮಾಣನ ಸಂಸ್ಥೆಯವರು ಆ ಬೀಜ ಬೆಳೆದ ಹೊಲಕ್ಕೇ ಹೋಗಿ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಹಸಿರು ಚೀಟಿ ಇದ್ದರೆ ಅದು ಮಾರುವವರು ತಾವೇ ಬರೆದುಕೊಟ್ಟ ಮಾತು. ಹಸಿರು ಅಂದರೆ ಮೋಸ ಅಂತಲ್ಲ. ಒಳ್ಳೆ ಬೀಜವೂ ಹಸಿರು ಚೀಟಿಯಲ್ಲಿ ಬರುತ್ತದೆ. ಆದರೆ ಅದು ಯಾರ ಮಾತು ಅಂತ ತಿಳಿದುಕೊಂಡು ದುಡ್ಡು ಕೊಡುತ್ತೇವೆ.

ಕೃಷಿ ವಿಜ್ಞಾನ ಕೇಂದ್ರದವರೆಗೆ ಹೋಗಲಾಗದವರಿಗೆ, ಫೋನಿನಲ್ಲೇ ಬೆಳೆ ಸಲಹೆ ಕೊಡುವ ಕಿಸಾನ್ ಕಾಲ್ ಸೆಂಟರ್ ಇದೆ, 1800-180-1551. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ಆದರೆ ಫೋನಿನಲ್ಲಿ ಅವರಿಗೆ ಎಲೆ ಕಾಣುವುದಿಲ್ಲ. ಹೊಲಕ್ಕೆ ಹೋಗಿ, ಎಲೆ ತಿರುವಿ ನೋಡಿಯೇ ಫೋನ್ ಮಾಡಿ.

ಹನುಮನಮಟ್ಟಿಯಲ್ಲಿ ಔಷಧಿ ಬರೆದುಕೊಟ್ಟವರು ಹೊರಡುವಾಗ ಅಂದರು, 'ಎಂಟು ದಿನ ಬಿಟ್ಟು ಮತ್ತ ಟೊಂಗಿ ತರ್ರಿ. ನಾ ಹೇಳಿದ್ದು ತಪ್ಪಿದ್ರೂ ತಪ್ಪಿರಬಹುದು.' ಬಸ್ಸಿನಲ್ಲಿ ಕಾಕಾಗೆ ಅದೇ ಚಿಂತೆ. 'ಇಷ್ಟ ಓದಿದವರು ತಪ್ಪಿರಬಹುದು ಅಂತಾರಲ್ಲೋ!'

ಎಂಟನೇ ದಿನ ಚೀಲ ಹಿಡಿದುಕೊಂಡು ಮತ್ತೆ ಹೋದೆವು. ಹಳೆ ಎಲೆಗಳು ಮುದುಡಿಕೊಂಡೇ ಇದ್ದವು. ಹೊಸ ಸುಳಿ ನೆಟ್ಟಗೆ ಬಂದಿತ್ತು.

ನಮಸ್ಕಾರ.